ಬೆಸುಗೆಯಲ್ಲಿ ಬಂಧಿಯಾದ ಯಂತ್ರ: ಹಳೆಯ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ಏಕೆ ಬದಲಾಗದು?

ಪ್ರತಿವರ್ಷ ಕಾಲೇಜು ಪ್ರವೇಶದ ಹಂಗಾಮಿನಲ್ಲಿ ಯಲ್ಲಾಪುರ, ಮುಂಡಗೋಡ, ಹಳಿಯಾಳ, ಶಿರಸಿಗಳ ಕಡೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ಬರುವ ಬಸ್ಸುಗಳಲ್ಲಿ ಟ್ರಂಕು, ಹಾಸಿಗೆ ಸುರುಳಿ, ಉಪ್ಪಿನಕಾಯಿ ಡಬ್ಬಿಗಳ ಜೊತೆಗೆ ಒಂದೊಂದು ಹಳೆಯ ಲ್ಯಾಪ್‌ಟಾಪೂ ಬಂದಿಳಿಯುತ್ತದೆ. ಅದು ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅಣ್ಣನದ್ದೋ ಸೋದರಮಾವನದ್ದೋ ಆಗಿದ್ದು, ಅವರು ಹೊಸದನ್ನು ಕೊಂಡ ಮೇಲೆ ಊರಿಗೆ ಬಂದದ್ದು. ಏಳೆಂಟು ವರ್ಷ ಹಳೆಯದಾದರೂ ಚೆನ್ನಾಗಿಯೇ ಓಡುತ್ತದೆ. ಟಿಪ್ಪಣಿ ಬರೆಯಲು, ಪಾಠದ ವಿಡಿಯೋ ನೋಡಲು, ಪ್ರೋಗ್ರಾಮ್ ಕಲಿಯಲು ಅದು ಧಾರಾಳವಾಗಿ ಸಾಕು. ಆದರೆ ಕಾಲೇಜಿನ ಸೂಚನಾಫಲಕದಲ್ಲಿ ಕೆಲವೊಮ್ಮೆ ಒಂದು ಹಾಳೆ ತೂಗುತ್ತಿರುತ್ತದೆ: ಇಂತಿಷ್ಟು ಮೆಮೊರಿ, ಇಂತಹ ಪ್ರೊಸೆಸರ್, ಮತ್ತು ಕೊನೆಯ ಸಾಲಿನಲ್ಲಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರತಕ್ಕದ್ದು.

ವಿದ್ಯಾರ್ಥಿ ಚೀಲ ಹೆಗಲಿಗೇರಿಸಿ ಕೊಪ್ಪೀಕರ ರಸ್ತೆಯ ಆಸುಪಾಸಿನ ಅಂಗಡಿಗಳ ಮೆಟ್ಟಿಲು ಹತ್ತುತ್ತಾನೆ. ಅಲ್ಲಿ ನಡೆಯುವ ಸಂಭಾಷಣೆ ಎಲ್ಲ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ.

“ಅಣ್ಣಾ, ಇದರ ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಬದಲಿಸಲಿಕ್ಕೆ ಆಗ್ತದಾ?”

“ಆಗೂದಿಲ್ಲ ತಮ್ಮಾ. ಇದು ಬೋರ್ಡಿಗೇ ಕೂತೇತಿ. ಹೊಸಾದು ತೊಗೊಳ್ಳೂದ ಚಲೋ.”

ಹೊಸದೆಂದರೆ, ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವಂಥದ್ದು, 60-70 ಸಾವಿರ ರೂಪಾಯಿ. ಘಟ್ಟದ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕ್ವಿಂಟಾಲಿಗೂ ಮಿಕ್ಕಿದ ಚಾಲಿ ಅಡಿಕೆ; ಕೊಳೆರೋಗ ಬಂದ ವರ್ಷವಾದರೆ ಸೊಸೈಟಿಯಲ್ಲಿ ಸಾಲ. ಅಂಗಡಿಯವನು ಸುಳ್ಳು ಹೇಳಲಿಲ್ಲ. ಅವನ ಉತ್ತರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಂದರ್ಭಗಳಲ್ಲಿ ಸತ್ಯವೇ. ಪ್ರಶ್ನಿಸಬೇಕಾದದ್ದು ಆ ಸತ್ಯವನ್ನು ತಯಾರಿಸಿದವರನ್ನು. ಯಂತ್ರ ಗಟ್ಟಿಮುಟ್ಟಾಗಿದೆ, ಪರದೆ ಬೆಳಗುತ್ತಿದೆ, ಕೀಲಿಮಣೆ ಸರಿಯಿದೆ. ಒಂದೇ ಒಂದು ಅಂಗ ಹಿಂದೆ ಬಿದ್ದಿದೆ ಎಂಬ ಕಾರಣಕ್ಕೆ ಇಡೀ ಯಂತ್ರವನ್ನು ಗುಜರಿಗೆ ನೂಕುವ ಈ ವ್ಯವಸ್ಥೆ ನಿಸರ್ಗನಿಯಮವಲ್ಲ. ಅದು ಕಾರ್ಖಾನೆಯ ನಕ್ಷೆಯ ಮೇಜಿನ ಮೇಲೆ ಲಾಭನಷ್ಟ ನೋಡಿ ಕೈಗೊಂಡ ತೀರ್ಮಾನ.

ಹೊಟ್ಟೆಯೊಳಗೆ ಏನಿದೆ?

ಗ್ರಾಫಿಕ್ಸ್ ಚಿಪ್ ಎಂಬುದು ಪರದೆಯ ಮೇಲೆ ಚಿತ್ರ ಮೂಡಿಸುವ ಲೆಕ್ಕಗಳನ್ನು ಮಾಡುವ ಅಂಗ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಅದು ಪ್ರತ್ಯೇಕವಾಗಿ ಇರುವುದೇ ಇಲ್ಲ. ಇಂಟೆಲ್ ಕಂಪನಿ 2011ರಲ್ಲಿ ಹೊರತಂದ ಸ್ಯಾಂಡಿ ಬ್ರಿಜ್ ಪೀಳಿಗೆಯಿಂದ ಈಚೆಗೆ ಅದು ಪ್ರೊಸೆಸರಿನ ಸಿಲಿಕಾನ್ ಬಿಲ್ಲೆಯಲ್ಲಿಯೇ ಅಡಕವಾಗಿದೆ. ಅಂತಹ ಯಂತ್ರದಲ್ಲಿ ಕಾರ್ಡ್ ಬದಲಿಸಿಕೊಡಿ ಎಂದು ಕೇಳುವುದು ಹಾಲಿನೊಳಗಿನ ನೀರನ್ನು ತೆಗೆದುಕೊಡಿ ಎಂದಂತೆ.

ಸ್ವಲ್ಪ ದುಬಾರಿ ಯಂತ್ರಗಳಲ್ಲಿ ಎನ್ವಿಡಿಯಾ ಅಥವಾ ಎಎಂಡಿ ಕಂಪನಿಯ ಪ್ರತ್ಯೇಕ ಚಿಪ್ ಇರುತ್ತದೆ. ಜಾಹೀರಾತಿನಲ್ಲಿ ಅದನ್ನು ಕಾರ್ಡ್ ಎಂದು ಕರೆದರೂ ಒಳಗೆ ಕಾರ್ಡ್ ಎನ್ನುವಂಥದ್ದು ಏನೂ ಇಲ್ಲ. ಚಿಪ್ಪಿನ ತಳದಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಬೆಸುಗೆಯ ಗುಂಡುಗಳಿರುತ್ತವೆ. ಒಂದೊಂದೂ ಸಾಸಿವೆಗಿಂತ ಸಣ್ಣದು. ಕಾರ್ಖಾನೆಯಲ್ಲಿ ಬಿಸಿಗಾಳಿಯ ಒಲೆಯೊಳಗೆ ಇವೆಲ್ಲ ಒಮ್ಮೆಗೇ ಕರಗಿ ಮದರ್‌ಬೋರ್ಡಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಅದನ್ನು ಕಿತ್ತು ಬೇರೆ ಚಿಪ್ ಕೂರಿಸಬೇಕೆಂದರೆ ವಿಶೇಷ ಯಂತ್ರ, ನುರಿತ ಕೈ, ಅದೇ ಅಳತೆಯ ಚಿಪ್ ಎಲ್ಲವೂ ಬೇಕು. ಇಷ್ಟಾದರೂ ಕೂರಿಸಬಹುದಾದದ್ದು ಅದೇ ಜಾತಿಯ ಚಿಪ್ಪನ್ನು ಮಾತ್ರ. ಹೆಚ್ಚು ಶಕ್ತಿಯದನ್ನು ಹಾಕಿದರೆ ಬೋರ್ಡಿನ ವಿದ್ಯುತ್ ಮಾರ್ಗಗಳು, ಚಿಪ್ಪಿನ ಪಕ್ಕದ ಮೆಮೊರಿ, ಒಳಗಿನ ಬಯೋಸ್ ತಂತ್ರಾಂಶ ಯಾವುದೂ ಅದಕ್ಕೆ ಹೊಂದುವುದಿಲ್ಲ.

ಟೇಬಲ್ ಮೇಲಿನ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಇದಕ್ಕೆ ಹೋಲಿಸಿ ನೋಡಬೇಕು. ಅಲ್ಲಿ ಗ್ರಾಫಿಕ್ಸ್ ಕಾರ್ಡ್ ನಿಜಕ್ಕೂ ಕಾರ್ಡೇ. ಪೆಟ್ಟಿಗೆಯ ಪಕ್ಕದ ತಗಡು ತೆಗೆದು, ಒಂದು ಸ್ಕ್ರೂ ಸಡಿಲಿಸಿ, ಹಳೆಯದನ್ನು ಎಳೆದು ಹೊಸದನ್ನು ಒತ್ತಿದರೆ ಹತ್ತು ನಿಮಿಷದ ಕೆಲಸ. ವಿದ್ಯುತ್ ಪೂರೈಕೆಯ ಪೆಟ್ಟಿಗೆಗೆ ತಾಕತ್ತಿದ್ದರಾಯಿತು. ಎರಡೂ ಯಂತ್ರಗಳನ್ನು ಮಾರುವವರು ಅವೇ ಕಂಪನಿಗಳು, ಎರಡರ ಚಿಪ್ಪುಗಳನ್ನು ತಯಾರಿಸುವವರೂ ಅವರೇ.

ಲ್ಯಾಪ್‌ಟಾಪಿನಲ್ಲಿ ಇದು ಅಸಾಧ್ಯವೆಂದು ಹೇಳುವವರಿಗೆ ಉತ್ತರ ಆ ಕಂಪನಿಗಳ ಚರಿತ್ರೆಯಲ್ಲೇ ಇದೆ. 2004ರ ಸುಮಾರಿಗೆ ಎನ್ವಿಡಿಯಾ ಕಂಪನಿಯೇ ಮುಂದೆ ನಿಂತು ಎಂಎಕ್ಸ್‌ಎಂ ಎಂಬ ಮಾದರಿಯನ್ನು ರೂಪಿಸಿತು. ಅಂಗೈಯಷ್ಟು ಅಗಲದ ಹಲಗೆ, ಒಂದು ಅಂಚಿನಲ್ಲಿ ಸಂಪರ್ಕದ ಹಲ್ಲುಗಳು, ಕೆಲವು ಸ್ಕ್ರೂ. ಬಿಚ್ಚಬಹುದು, ಹಾಕಬಹುದು. 2011ರಲ್ಲಿ ಬಂದ ಡೆಲ್ ಪ್ರಿಸಿಶನ್ ಎಂ4600 ಮತ್ತು ಎಂ6600, ಎಚ್‌ಪಿ ಎಲೈಟ್‌ಬುಕ್ 8560ಡಬ್ಲ್ಯು ಮೊದಲಾದ ದಪ್ಪ ಮೈಯ ಯಂತ್ರಗಳಲ್ಲಿ ಇಂತಹ ಹಲಗೆಗಳೇ ಇದ್ದವು. ಆ ಹೆಸರಿನ ಯಂತ್ರ ಯಾರ ಬಳಿಯಾದರೂ ಇದ್ದರೆ ಕೊಪ್ಪೀಕರ ರಸ್ತೆಯ ಆ ಪ್ರಶ್ನೆಗೆ ಉತ್ತರ “ಆಗ್ತದೆ”, ಆದರೆ ಷರತ್ತುಗಳುಂಟು. ಅದೇ ಅಳತೆಯ ಹಲಗೆ ಸಿಗಬೇಕು, ಶಾಖ ಹೀರುವ ತಾಮ್ರದ ಕೊಳವೆ ಅದಕ್ಕೆ ಕೂರಬೇಕು, ಕಂಪನಿಯ ಬಯೋಸ್ ಆ ಹಲಗೆಯನ್ನು ಒಪ್ಪಬೇಕು. ಈ ಕೊನೆಯ ಷರತ್ತು ಗಮನಾರ್ಹವಾದದ್ದು. ಹಲಗೆ ಕೂರುತ್ತದೆ, ಹಲ್ಲುಗಳು ಹೊಂದುತ್ತವೆ, ಆದರೂ ಯಂತ್ರದ ತಂತ್ರಾಂಶ ಪರಿಚಯವಿಲ್ಲದ ಅತಿಥಿಯನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಲೋಹದ ಬೀಗ ಕಣ್ಣಿಗಾದರೂ ಕಾಣುತ್ತದೆ. ಈ ಬೀಗ ಕಾಣುವುದಿಲ್ಲ.

ಈ ಮಾದರಿ ಕ್ರಮೇಣ ಮೂಲೆಗುಂಪಾಯಿತು. ಒಂದೊಂದು ಕಂಪನಿಯೂ ತನ್ನದೇ ಆಕಾರದ ಹಲಗೆ ಮಾಡತೊಡಗಿತು. ಹೆಚ್ಚಿನವು ಹಲಗೆಯನ್ನೇ ಬಿಟ್ಟು ಬೆಸುಗೆಗೆ ಮರಳಿದವು. 2019ರಲ್ಲಿ ಡೆಲ್ ಕಂಪನಿ ಏಲಿಯನ್‌ವೇರ್ ಏರಿಯಾ-51ಎಂ ಎಂಬ ದುಬಾರಿ ಯಂತ್ರವನ್ನು ಹೊರತಂದಿತು. ಪ್ರೊಸೆಸರು, ಗ್ರಾಫಿಕ್ಸ್ ಎರಡನ್ನೂ ಮುಂದೆ ಬದಲಿಸಬಹುದೆಂಬ ಭರವಸೆ ಮಾತಿಗಷ್ಟೇ ಉಳಿಯಿತು ಎಂದು ದೂರಿ 2021ರಲ್ಲಿ ಗ್ರಾಹಕರು ಕ್ಯಾಲಿಫೋರ್ನಿಯದ ನ್ಯಾಯಾಲಯದ ಮೆಟ್ಟಿಲೇರಿದರು. ಲಕ್ಷಾಂತರ ರೂಪಾಯಿ ಕೊಟ್ಟವರ ಗತಿಯೇ ಹೀಗಾದರೆ ಮಾವನ ಹಳೆಯ ಯಂತ್ರ ಹಿಡಿದು ಬಂದವನ ಮಾತು ಯಾವ ಲೆಕ್ಕ?

ಕಳಚುವ ವಿದ್ಯೆ ಕಳೆದುಹೋದ ಬಗೆ

ಹಿಂದೆ ಲ್ಯಾಪ್‌ಟಾಪಿನ ತಳದಲ್ಲಿ ಒಂದು ಚಿಲಕ ಇರುತ್ತಿತ್ತು. ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಇನ್ನೊಂದು ಮುಚ್ಚಳ ತೆಗೆದರೆ ಮೆಮೊರಿ, ಮತ್ತೊಂದರ ಅಡಿಯಲ್ಲಿ ಹಾರ್ಡ್‌ಡಿಸ್ಕ್. ಇಂಟೆಲ್‌ನ ನಾಲ್ಕನೆಯ ಪೀಳಿಗೆಯವರೆಗೂ ಅನೇಕ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನೇ ಸಾಕೆಟ್ಟಿನಿಂದ ಎತ್ತಿ ಬದಲಿಸಬಹುದಿತ್ತು. ಐದನೆಯ ಪೀಳಿಗೆಯಿಂದ ಅದೂ ಬೆಸುಗೆಗೆ ಸೇರಿತು. ಆಮೇಲೆ ಬ್ಯಾಟರಿ ಹೊಟ್ಟೆಯೊಳಗೆ ಹೋಯಿತು, ಕೆಲವು ಯಂತ್ರಗಳಲ್ಲಿ ಗೋಂದಿನಿಂದ ಅಂಟಿಕೊಂಡಿತು. ತೆಳ್ಳಗಿನ ಮಾದರಿಗಳಲ್ಲಿ ಮೆಮೊರಿಯೂ ಬೋರ್ಡಿಗೆ ಅಂಟಿದೆ. ಗ್ರಾಫಿಕ್ಸ್ ಈ ಸೆರೆಮನೆಯ ಮೊದಲ ಕೈದಿಗಳಲ್ಲಿ ಒಂದು, ಅಷ್ಟೇ. ಒಂದೊಂದಾಗಿ ಎಲ್ಲ ಅಂಗಗಳೂ ಒಳಗೆ ಹೋಗುತ್ತಿವೆ.

ಕಂಪನಿಗಳ ವಾದವನ್ನೂ ಕೇಳಬೇಕು. ತೆಳ್ಳಗಿನ ಯಂತ್ರ ಗ್ರಾಹಕನಿಗೇ ಬೇಕು, ಸಾಕೆಟ್ ಇಟ್ಟರೆ ದಪ್ಪವಾಗುತ್ತದೆ, ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿ ಉದ್ದವಾದಷ್ಟು ವೇಗ ಕುಂದುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ವೇಗದ ತೆಳು ಮೆಮೊರಿಯನ್ನು ಬೆಸುಗೆಯಿಲ್ಲದೆ ಕೂರಿಸಲಾಗದು ಎಂದು ವರ್ಷಗಟ್ಟಲೆ ಹೇಳಿದ ಉದ್ಯಮವೇ 2023ರ ಕೊನೆಯಲ್ಲಿ ಕ್ಯಾಮ್-2 ಎಂಬ ಕಳಚಬಲ್ಲ ಮೆಮೊರಿಯ ಮಾನದಂಡವನ್ನು ಪ್ರಕಟಿಸಿತು. ಅಮೆರಿಕದ ಫ್ರೇಮ್‌ವರ್ಕ್ ಎಂಬ ಸಣ್ಣ ಕಂಪನಿ ಹಿಂಬದಿಯಿಂದ ಕಳಚಿ ಜೋಡಿಸಬಹುದಾದ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪನ್ನು 2023ರಲ್ಲಿ ಘೋಷಿಸಿತು. 2025ರಲ್ಲಿ ಅದೇ ಯಂತ್ರಕ್ಕೆ ಹೊಂದುವ ಹೊಸ ಪೀಳಿಗೆಯ ಎನ್ವಿಡಿಯಾ ಗ್ರಾಫಿಕ್ಸನ್ನು ಬಿಡಿಯಾಗಿ ಮಾರಾಟಕ್ಕೆ ತಂದಿತು. ಸಣ್ಣ ಕಂಪನಿಗೆ ಸಾಧ್ಯವಾದದ್ದು ದೈತ್ಯರಿಗೆ ಅಸಾಧ್ಯವೆಂದರೆ ನಂಬುವವರು ಯಾರು?

ಹುಬ್ಬಳ್ಳಿಯಂತಹ ಊರಿನಲ್ಲಿ ನಿಂತು ರಿಪೇರಿಯನ್ನು ಹಳೆಯ ಕಾಲದ ಗೀಳೆಂದು ಹಂಗಿಸುವುದು ಚರಿತ್ರೆಗೇ ಅಪಚಾರ. ಈ ಊರು ಬೆಳೆದದ್ದರಲ್ಲಿ 1885ರಲ್ಲಿ ಇಲ್ಲಿ ನೆಲೆಗೊಂಡ ರೈಲ್ವೆ ಕಾರ್ಯಾಗಾರದ ಪಾಲು ದೊಡ್ಡದು. ರೈಲು ಬೋಗಿಯೊಂದು ಅಲ್ಲಿಗೆ ಬಂದರೆ ಅದರ ಗಾಲಿ, ಸ್ಪ್ರಿಂಗು, ಬ್ರೇಕುಗಳನ್ನೆಲ್ಲ ಕಳಚಿ, ಸವೆದದ್ದನ್ನು ಬದಲಿಸಿ, ಮತ್ತೆ ಹಳಿಗೆ ಬಿಡುತ್ತಾರೆ. ಎರಡೂವರೆ ದಶಕ ಓಡಬೇಕಾದ ಬೋಗಿಯನ್ನು ಒಂದು ಬ್ರೇಕು ಹಳತಾಯಿತೆಂದು ಯಾರೂ ಕರಗಿಸುವುದಿಲ್ಲ. ಘಟ್ಟದ ತೋಟಗಳಲ್ಲೂ ಅಷ್ಟೇ. ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ವಾಷರ್ ಹೋದರೆ ವಾಷರ್ ತರುತ್ತಾರೆ. ಪಂಪನ್ನೇ ಹೊಳೆಗೆ ಎಸೆಯುವವನನ್ನು ಊರು ಹುಚ್ಚನೆಂದು ಕರೆಯುತ್ತದೆ. ಅದೇ ಊರಿನ ಹುಡುಗ ಲ್ಯಾಪ್‌ಟಾಪನ್ನು ಎಸೆದರೆ ಮುಂದುವರಿದವನೆನ್ನಿಸಿಕೊಳ್ಳುತ್ತಾನೆ.

ಬಿಸಿಗಾಳಿಯ ಚಿಕಿತ್ಸೆ

ರಿಪೇರಿಯ ಹೆಸರಿನಲ್ಲಿ ನಡೆಯುವುದೆಲ್ಲ ಪುಣ್ಯಕಾರ್ಯವೇನಲ್ಲ ಎಂಬುದನ್ನೂ ಹೇಳಬೇಕು. ಪರದೆಯಲ್ಲಿ ಗೆರೆಗಳು ಮೂಡಿ ಕಪ್ಪಾದ ಲ್ಯಾಪ್‌ಟಾಪಿಗೆ ಬಿಸಿಗಾಳಿ ಊದಿ ಎಬ್ಬಿಸುವ ವಿದ್ಯೆ ದೇಶದ ಎಲ್ಲ ಊರುಗಳಲ್ಲೂ ಇದೆ. ಯಂತ್ರ ಏಳುತ್ತದೆ, ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ನಡೆದು ಮತ್ತೆ ಮಲಗುತ್ತದೆ. ಗ್ರಾಹಕ ಅಂಗಡಿಯವನನ್ನು ಮೋಸಗಾರನೆಂದು ಬೈಯುತ್ತಾನೆ. ಆದರೆ ಮೂಲ ದೋಷ ಎಲ್ಲಿತ್ತು? 2008ರ ಜುಲೈ ತಿಂಗಳಲ್ಲಿ ಎನ್ವಿಡಿಯಾ ಕಂಪನಿ ತನ್ನ ಲ್ಯಾಪ್‌ಟಾಪ್ ಚಿಪ್ಪುಗಳು ಅಸಹಜ ಪ್ರಮಾಣದಲ್ಲಿ ಕೆಡುತ್ತಿವೆಯೆಂದು ಒಪ್ಪಿಕೊಂಡು 15ರಿಂದ 20 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಚಿಪ್ಪಿನ ಒಳಗಿನ ಸೂಕ್ಷ್ಮ ಬೆಸುಗೆಯೂ ಅದನ್ನು ಹಿಡಿದಿಟ್ಟ ವಸ್ತುವೂ ಬಿಸಿ-ತಂಪಿನ ಏರಿಳಿತವನ್ನು ತಾಳಲಾರದವಾಗಿದ್ದವು. ಚಿಪ್ಪಿನ ಒಳಗೇ ಒಡೆದದ್ದನ್ನು ಹೊರಗಿನ ಬಿಸಿಗಾಳಿ ಹೇಗೆ ವಾಸಿ ಮಾಡೀತು? ಆ ಚಿಪ್ಪು ಕಳಚಬಹುದಾದ ಹಲಗೆಯ ಮೇಲಿದ್ದಿದ್ದರೆ ಹಲಗೆಯೊಂದನ್ನು ಬದಲಿಸಿದರೆ ಸಾಕಿತ್ತು. ಬೋರ್ಡಿಗೆ ಬೆಸೆದಿದ್ದರಿಂದ ಬೋರ್ಡೇ ಸತ್ತಿತು, ಬೋರ್ಡಿನ ಬೆಲೆ ಕೇಳಿ ಒಡೆಯನು ಯಂತ್ರವನ್ನೇ ಕೈಬಿಟ್ಟನು. ಹೀಗೆ ಎಷ್ಟು ಯಂತ್ರಗಳು ಅಕಾಲ ಮರಣವನ್ನಪ್ಪಿದವೆಂಬ ಲೆಕ್ಕ ಯಾವ ಕಂಪನಿಯ ವಾರ್ಷಿಕ ವರದಿಯಲ್ಲೂ ಇಲ್ಲ.

ಅಂಗಡಿಯ ಹುಡುಗನ ಕೈಗೆ ಬೋರ್ಡಿನ ನಕ್ಷೆಯನ್ನೂ ಕಂಪನಿ ಕೊಡುವುದಿಲ್ಲ. ಅವನು ಎಲ್ಲಿಂದಲೋ ಸೋರಿ ಬಂದ ನಕ್ಷೆಯನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡುತ್ತ ಕಳ್ಳನಂತೆ ಕೆಲಸ ಮಾಡಬೇಕಾಗಿದೆ. ಹುಬ್ಬಳ್ಳಿಯ ರಿಪೇರಿಗಾರರ ಕೌಶಲವನ್ನು ಹೊಗಳುವ ಭಾಷಣಗಳು ಬೇಕಾದಷ್ಟು ಆಗುತ್ತವೆ. ಅವರಿಗೆ ನಕ್ಷೆ ಕೊಡಿಸಿ ಎನ್ನುವ ಭಾಷಣ ಕೇಳಿಬಂದದ್ದು ಕಡಿಮೆ.

ಹೊರಗಿನಿಂದ ಗ್ರಾಫಿಕ್ಸ್ ಜೋಡಿಸುವ ಪೆಟ್ಟಿಗೆಗಳಿವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇವೆ. 2015ರಲ್ಲಿ ಬಂದ ಥಂಡರ್‌ಬೋಲ್ಟ್-3 ಎಂಬ ಕಿಂಡಿ ಇರುವ ಯಂತ್ರಗಳಿಗೆ ಡೆಸ್ಕ್‌ಟಾಪಿನ ಕಾರ್ಡನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ತಂತಿಯಿಂದ ಜೋಡಿಸಬಹುದು. ಆದರೆ ಆ ಕಿಂಡಿ ಇರುವುದು ದುಬಾರಿ ಯಂತ್ರಗಳಲ್ಲಿ. ಪೆಟ್ಟಿಗೆ, ಕಾರ್ಡು, ವಿದ್ಯುತ್ ಪೂರೈಕೆ ಮೂರೂ ಸೇರಿದರೆ ಹೊಸ ಲ್ಯಾಪ್‌ಟಾಪಿನ ಬೆಲೆಯೇ ಆಗುತ್ತದೆ. ಗಾಳಿಮಳೆಗೆ ವಾರಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಆ ಪೆಟ್ಟಿಗೆಯನ್ನು ನಡೆಸುವುದು ಹೇಗೆಂಬ ಪ್ರಶ್ನೆ ಬೇರೆ. ಅದು ಸಿರಿವಂತರ ಆಟಿಕೆ. ಬಡವನ ಪ್ರಶ್ನೆಗೆ ಉತ್ತರವಲ್ಲ.

ಬೆಸುಗೆಯ ತವರ ಎಲ್ಲಿಯದು?

ಇದೆಲ್ಲ ಕಂಪ್ಯೂಟರಿನವರ ಜಗಳ, ಕಾಡು-ಹೊಳೆಗಳ ಪತ್ರಿಕೆಗೆ ಇದರ ಗೊಡವೆ ಏಕೆ ಎಂದು ಕೇಳುವವರು ಆ ಸಾಸಿವೆ ಗಾತ್ರದ ಗುಂಡನ್ನು ಒಮ್ಮೆ ನೋಡಬೇಕು. ಅದು ಬಹುಪಾಲು ತವರ. ಜಗತ್ತಿನಲ್ಲಿ ಬಳಕೆಯಾಗುವ ತವರದಲ್ಲಿ ಸುಮಾರು ಅರ್ಧದಷ್ಟು ಬೆಸುಗೆಗೇ ಹೋಗುತ್ತದೆ. ಅದರ ದೊಡ್ಡ ಪಾಲು ಬರುವುದು ಇಂಡೋನೇಷ್ಯದ ಬಂಕಾ-ಬೆಲಿತುಂಗ್ ದ್ವೀಪಗಳಿಂದ. ಅಲ್ಲಿ ಕಾಡು ಕಡಿದು ನೆಲ ಬಗೆದಾಗಿದೆ. ಈಗ ಸಮುದ್ರತಳವನ್ನೂ ಕೆದಕಿ ಹವಳದ ದಿಬ್ಬಗಳನ್ನು ಕೆಸರಿನಲ್ಲಿ ಮುಳುಗಿಸಲಾಗುತ್ತಿದೆ. ಕಾರ್ಡಿನ ಹಲ್ಲುಗಳಿಗೆ ಲೇಪಿಸುವ ಚಿನ್ನದ ಕಥೆ ಕನ್ನಡಿಗರಿಗೆ ಹೊಸತಲ್ಲ. ಕೋಲಾರದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಸಯನೈಡಿನ ಗುಡ್ಡಗಳು ಅಲ್ಲಿಯೇ ಉಳಿದವು, ಗಾಳಿಗೆ ಧೂಳೆಬ್ಬಿಸುತ್ತ. ಹುಬ್ಬಳ್ಳಿಗೆ ಹತ್ತಿರದ ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೂ ಚಿನ್ನದ ಗಣಿಯವರ ಕಣ್ಣು ಬಿದ್ದು, ಜನ ಹೋರಾಡಿ, 2019ರಲ್ಲಿ ಅದು ವನ್ಯಧಾಮವಾಯಿತು. ಹಟ್ಟಿಯ ಅದಿರಿನಲ್ಲಿ ಟನ್ನಿಗೆ ಕೆಲವೇ ಗ್ರಾಂ ಚಿನ್ನ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚಿನ್ನ ಒಂದು ಟನ್ ಹಳೆಯ ಸರ್ಕ್ಯೂಟ್ ಬೋರ್ಡುಗಳಲ್ಲಿದೆ. ಒಂದೆಡೆ ಗುಡ್ಡ ಅಗೆದು ಚಿನ್ನ ತೆಗೆಯುವುದು, ಇನ್ನೊಂದೆಡೆ ಅದನ್ನು ಏಳು ವರ್ಷ ಬಳಸಿ ತಿಪ್ಪೆಗೆ ಹಾಕುವುದು! ಇದಕ್ಕೆ ಅಭಿವೃದ್ಧಿಯೆಂದು ಹೆಸರು.

ಆ ತಿಪ್ಪೆಯೂ ದೂರದ್ದಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಉಳಿದದ್ದರಲ್ಲಿ ಒಂದಿಷ್ಟು ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್‌ಗಳಂಥ ಕಡೆಗಳಲ್ಲಿ ಬರಿಗೈಯ ಕೂಲಿಗಳಿಂದ ಸುಡಿಸಿಕೊಂಡು, ಆಮ್ಲದಲ್ಲಿ ಅದ್ದಿಸಿಕೊಂಡು, ಗಾಳಿಗೂ ಹೊಳೆಗೂ ಸೇರುತ್ತದೆ.

ಲ್ಯಾಪ್‌ಟಾಪೊಂದು ತನ್ನ ಜೀವಮಾನದಲ್ಲಿ ಉಂಟುಮಾಡುವ ಇಂಗಾಲದ ಹೊರೆಯ ಬಹುಪಾಲು ಅದು ತಯಾರಾಗುವಾಗಲೇ ಆಗಿಹೋಗುತ್ತದೆ. ಬಳಸುವಾಗ ಸುಡುವ ವಿದ್ಯುತ್ತಿನದ್ದು ಸಣ್ಣ ಪಾಲು. ಇದನ್ನು ಕಂಪನಿಗಳ ಪರಿಸರ ವರದಿಗಳೇ ಹೇಳುತ್ತವೆ. ಹಾಗಿರುವಾಗ ಕಡಿಮೆ ವಿದ್ಯುತ್ ಸಾಕೆಂದು ಹೊಗಳಿ ಹೊಸ ಯಂತ್ರ ಮಾರುವ “ಹಸಿರು” ಜಾಹೀರಾತು ಯಾರ ಕಣ್ಣಿಗೆ ಮಣ್ಣೆರಚಲಿಕ್ಕೆ? ಇಲ್ಲಿ ಪರಿಸರ ಕಾರ್ಯಕರ್ತರೂ ತಮ್ಮ ಚೀಲ ತೆರೆದು ನೋಡಿಕೊಳ್ಳಬೇಕು. ಗಣಿಯ ವಿರುದ್ಧ ಕರಪತ್ರ ಬರೆಯುವ ಯಂತ್ರವನ್ನು ಮೂರು ವರ್ಷಕ್ಕೊಮ್ಮೆ ಬದಲಿಸುವ ಶಿಬಿರಾರ್ಥಿಗಳು ಇಲ್ಲದಿಲ್ಲ.

ಕಾನೂನು ತೂಗುತ್ತದೆ, ಆಯಸ್ಸು ಎಣಿಸುವುದಿಲ್ಲ

ಭಾರತದಲ್ಲಿ ಕಾನೂನಿಲ್ಲವೆಂದಲ್ಲ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಕರು ಮರುಬಳಕೆ ಮಾಡಿಸಬೇಕಾದ ಪ್ರಮಾಣವನ್ನು ಮೊದಲ ಎರಡು ವರ್ಷಕ್ಕೆ ಶೇ. 60, ನಂತರದ ಎರಡು ವರ್ಷಕ್ಕೆ ಶೇ. 70, 2027-28ರಿಂದ ಶೇ. 80 ಎಂದು ನಿಗದಿಪಡಿಸಲಾಗಿದೆ. ಒಳ್ಳೆಯದೇ. ಆದರೆ ಈ ಕಾನೂನಿನ ತಕ್ಕಡಿ ಮುಖ್ಯವಾಗಿ ತೂಗುವುದು ಸತ್ತ ಯಂತ್ರದ ತೂಕವನ್ನು. ಯಂತ್ರ ಇನ್ನೂ ಐದು ವರ್ಷ ಬದುಕಬಹುದಿತ್ತೇ, ಅದನ್ನು ಕೊಂದವರು ಯಾರು ಎಂಬ ವಿಚಾರಣೆ ಅಲ್ಲಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಕೃಷಿ ಉಪಕರಣ, ಮೊಬೈಲ್-ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವೂ ಬಂತು. 2025ರ ಮೇ ತಿಂಗಳಲ್ಲಿ ರಿಪೇರಿ ಸೂಚ್ಯಂಕದ ವರದಿ ಸಲ್ಲಿಕೆಯಾಯಿತು. ಅದರ ಮೊದಲ ಗಮನ ಮೊಬೈಲು ಮತ್ತು ಟ್ಯಾಬ್ಲೆಟ್‌ಗಳ ಮೇಲೆ. ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದಲೇ ಲ್ಯಾಪ್‌ಟಾಪಿನ ಪೆಟ್ಟಿಗೆಯ ಬಳಿ ಹತ್ತಕ್ಕೆ ಇಷ್ಟು ಎಂಬ ಅಂಕ ತೋರಿಸಬೇಕು. ಹುಬ್ಬಳ್ಳಿಯ ಅಂಗಡಿಯಲ್ಲಿ ತೋರಿಸುವ ಅಂಕ ರಿಯಾಯಿತಿಯದು ಮಾತ್ರ.

ಆ ಹಾಳೆ ಬರೆದವರು ಯಾರು?

ಕಂಪನಿಗಳು ದೂರದಲ್ಲಿವೆ, ಸೂಚನಾಫಲಕದ ಹಾಳೆ ಹತ್ತಿರದಲ್ಲಿದೆ. ಪ್ರತ್ಯೇಕ ಗ್ರಾಫಿಕ್ಸ್ ನಿಜಕ್ಕೂ ಯಾರಿಗೆ ಬೇಕು? ಮೂರು ಆಯಾಮದ ದೊಡ್ಡ ವಿನ್ಯಾಸಗಳನ್ನು ಮಾಡುವವರಿಗೆ, ವಿಡಿಯೋ ಸಂಕಲನದವರಿಗೆ, ಯಂತ್ರಕಲಿಕೆಯ ಭಾರದ ಲೆಕ್ಕ ನಡೆಸುವವರಿಗೆ, ಮತ್ತೆ ಆಟ ಆಡುವವರಿಗೆ. ಪ್ರೋಗ್ರಾಮಿಂಗ್ ಕಲಿಯುವ ಮೊದಲ ವರ್ಷದ ವಿದ್ಯಾರ್ಥಿಗೆ ಅದು ಬೇಕಿಲ್ಲ. ಎರಡು ಆಯಾಮದ ನಕ್ಷೆ ಬರೆಯಲು ಬೇಕಿಲ್ಲ. ಬೆಟ್ಟಭೂಮಿ, ಹಳ್ಳ, ಕಾನು ಗುರುತಿಸಲು ಅನೇಕ ಕಾರ್ಯಕರ್ತರು ಬಳಸುವ ಕ್ಯುಜಿಐಎಸ್ ತಂತ್ರಾಂಶ ಕೂಡ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲೇ ನಡೆಯುತ್ತದೆ. ಯಂತ್ರಕಲಿಕೆಯ ಪಾಠಕ್ಕೆ ಗೂಗಲ್ ಕೋಲ್ಯಾಬ್‌ನಂತಹ ಉಚಿತ ಸೌಲಭ್ಯವಿದೆ. ಅಲ್ಲಿ ಲೆಕ್ಕ ನಡೆಯುವುದು ದೂರದ ಯಂತ್ರದಲ್ಲಿ, ವಿದ್ಯಾರ್ಥಿಯ ಯಂತ್ರ ಬರಿಯ ಕಿಟಕಿ.

ಎಂಟು ಸೆಮಿಸ್ಟರುಗಳಲ್ಲಿ ಒಂದೋ ಎರಡೋ ವಿಷಯಕ್ಕೆ ಮಾತ್ರ ಬೇಕಾಗುವ ಚಿಪ್ಪನ್ನು ಪ್ರತಿಯೊಬ್ಬನೂ ಕೊಂಡು ತರಬೇಕೆಂದರೆ ಅರ್ಥವೇನು? ಕಾಲೇಜು ತನ್ನ ಲ್ಯಾಬಿನ ಖರ್ಚನ್ನು ಅಡಿಕೆ ತೋಟದವನ ಹೆಗಲಿಗೆ ದಾಟಿಸಿದೆ ಎಂದರ್ಥ. ಇಪ್ಪತ್ತು ಒಳ್ಳೆಯ ಡೆಸ್ಕ್‌ಟಾಪುಗಳಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಸಂಜೆ ಬೀಗ ಜಡಿಯದೆ ರಾತ್ರಿ ಒಂಬತ್ತರವರೆಗೆ ತೆರೆದಿಟ್ಟರೆ ನೂರಾರು ಹೊಸ ಲ್ಯಾಪ್‌ಟಾಪುಗಳ ಅಗತ್ಯ ತಪ್ಪುತ್ತದೆ. ಆ ಕಾರ್ಡುಗಳನ್ನು ಮುಂದೆ ಬದಲಿಸಲೂಬಹುದು.

ಹಳೆಯ ಲ್ಯಾಪ್‌ಟಾಪಿಗೆ ಏನು ಮಾಡಬಹುದೆಂಬುದೂ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಅಂಗಡಿಯವರು ಕೇಳದೆ ಹೇಳುವುದಿಲ್ಲ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ; ಅದು ಯಂತ್ರದ ಮುಖ್ಯ ಮೆಮೊರಿಯಿಂದಲೇ ಕಡ ಪಡೆಯುತ್ತದೆ. ಅನೇಕ ಯಂತ್ರಗಳನ್ನು ಒಂದೇ ಮೆಮೊರಿ ಪಟ್ಟಿ ಹಾಕಿ ಮಾರಿರುತ್ತಾರೆ, ಎರಡನೆಯ ಗೂಡು ಖಾಲಿ. ಅಲ್ಲಿ ಅದೇ ಅಳತೆಯ, ಅದೇ ವೇಗದ ಇನ್ನೊಂದು ಪಟ್ಟಿ ಹಾಕಿದರೆ ಮೆಮೊರಿ ಇಮ್ಮಡಿಯಾಗುವುದಲ್ಲದೆ ಎರಡು ದಾರಿಗಳಲ್ಲಿ ಒಟ್ಟಿಗೆ ಹರಿಯುತ್ತದೆ. ಗ್ರಾಫಿಕ್ಸಿನ ವೇಗವೂ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಕಾರ್ಡ್ ಬದಲಿಸಲಾಗದ ಯಂತ್ರದಲ್ಲಿ ಗ್ರಾಫಿಕ್ಸನ್ನು ಸುಧಾರಿಸುವ ಅಗ್ಗದ ದಾರಿ ಇದೊಂದೇ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಮುದಿ ಯಂತ್ರ ಎದ್ದು ಕೂರುತ್ತದೆ. ಘಟ್ಟದ ಮನೆಗಳಲ್ಲಿ ಒಲೆಯ ಹೊಗೆಯ ಮಸಿ, ಧೂಳು, ಮಳೆಗಾಲದ ತೇವ ಸೇರಿ ಫ್ಯಾನಿನ ಬಾಯಲ್ಲಿ ಕಂಬಳಿಯಂತೆ ಕಟ್ಟಿಕೊಳ್ಳುತ್ತದೆ. ಕಾದ ಚಿಪ್ಪು ತಾನಾಗಿಯೇ ವೇಗ ಇಳಿಸುತ್ತದೆ. ಅದನ್ನು ಗುಡಿಸಿ, ಒಣಗಿ ಪುಡಿಯಾದ ಶಾಖವಾಹಕ ಲೇಪವನ್ನು ಬದಲಿಸಿದರೆ ಕಳೆದ ವೇಗ ಮರಳುತ್ತದೆ. ಇದಕ್ಕೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್, ಒಂದು ಕುಂಚ, ಒಂದು ಮಧ್ಯಾಹ್ನ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಒಂದು ಸ್ಕ್ರೂ ಕೂಡ ಸವೆಯದೆ ಕೋಟ್ಯಂತರ ಯಂತ್ರಗಳು ಒಂದೇ ದಿನ “ಹಳೆಯವು” ಆದವು. ಇದಕ್ಕೆ ಉತ್ತರ ಕನ್ನಡಿಗರ ಕಣ್ಣೆದುರೇ ಇದೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಪಾಠ ನಡೆಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಗಡಿಯ ಆಚೆಯ ಕನ್ನಡದ ಮಗುವಿಗೆ ಸಾಧ್ಯವಾದದ್ದು ಧಾರವಾಡದ ಪದವಿ ವಿದ್ಯಾರ್ಥಿಗೆ ಏಕೆ ಸಾಧ್ಯವಾಗದು?

ಕೊನೆಗೆ ಸರ್ಕಾರದ ಮಾತು. 2020ರಲ್ಲಿ ಕರ್ನಾಟಕ ಸರ್ಕಾರ ಪ್ರಥಮ ದರ್ಜೆ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿತು. ಆ ವಿದ್ಯಾರ್ಥಿಗಳ ಪದವಿ ಮುಗಿದಿದೆ. ಯಂತ್ರಗಳು ತಮ್ಮಂದಿರ, ತಂಗಿಯರ ಕೈಗೆ ಬಂದಿವೆ. ಲಕ್ಷದ ಲೆಕ್ಕದಲ್ಲಿ ಕೊಳ್ಳುವ ಗಿರಾಕಿಯ ಮಾತನ್ನು ಯಾವ ಕಂಪನಿಯೂ ತಳ್ಳಿಹಾಕದು. ಮುಂದಿನ ಟೆಂಡರಿನಲ್ಲಿ ಮೂರು ಸಾಲು ಸೇರಿಸಲಿ: ಮೆಮೊರಿ, ಡಿಸ್ಕು, ಬ್ಯಾಟರಿ ಮೂರನ್ನೂ ಸಾಮಾನ್ಯ ಸ್ಕ್ರೂಡ್ರೈವರಿನಿಂದ ಬದಲಿಸುವಂತಿರಬೇಕು, ಬಿಡಿಭಾಗಗಳು ಹತ್ತು ವರ್ಷ ಸಿಗಬೇಕು, ಬೋರ್ಡಿನ ನಕ್ಷೆ ಹುಬ್ಬಳ್ಳಿಯ ಸಾಮಾನ್ಯ ರಿಪೇರಿಗಾರನಿಗೂ ದೊರೆಯಬೇಕು. ಇದಕ್ಕೆ ವಿಧಾನಸಭೆಯಲ್ಲಿ ಹೊಸ ಕಾನೂನು ಬೇಕಿಲ್ಲ. ಖರೀದಿ ಸಮಿತಿಯ ಒಂದು ಸಭೆ ಸಾಕು.